ಹ್ಯಾಮ್ ರೇಡಿಯೊದ ಪರದೆ ಮತ್ತು ಅದರ ನಾಬುಗಳು: ಒಂದು ಚರಿತ್ರೆ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಆಡಿದ ಮಾತಿನ ಬರಹ ರೂಪ. ಮಾತಿನ ಧಾಟಿಯನ್ನು ಹೆಚ್ಚು ತಿದ್ದಿಲ್ಲ. ಕೊನೆಯಲ್ಲಿ ಎರಡು ಪ್ರಶ್ನೋತ್ತರಗಳಿವೆ.)

ದನಿ ಕೇಳಿಸ್ತಾ ಇದೆಯಲ್ಲ? ಸರಿ.

ಈ ಸರಣಿಯಲ್ಲಿ ಇದುವರೆಗೆ ಗಡಿಯಾಚೆಯ ಕನ್ನಡ ಶಾಲೆಗಳು, ಶಾಸನಗಳು, ದೇವಸ್ಥಾನದ ದಫ್ತರಗಳು ಬಂದಿವೆ. ನಾನು ರೇಡಿಯೊ ಪೆಟ್ಟಿಗೆಯ ಮುಖದ ಮೇಲಿನ ನಾಬುಗಳ ಬಗ್ಗೆ ಮಾತಾಡ್ತೀನಿ ಅಂದಾಗ ಸಂಚಾಲಕರು ಒಂದು ಕ್ಷಣ ಸುಮ್ಮನಾದರು. ಕಥೆ ನಡೆಯುವುದು ಹೆಚ್ಚಾಗಿ ನ್ಯೂಯಾರ್ಕ್, ಒಸಾಕಾ, ಟೆಕ್ಸಾಸ್ ಕಡೆ. ಆದರೆ ಪ್ರಶ್ನೆ ನನಗೆ ಹುಟ್ಟಿದ್ದು ಮನೆಯಲ್ಲೇ, ಹಾಗಾಗಿ ಅಲ್ಲಿಂದಲೇ ಶುರು ಮಾಡ್ತೀನಿ.

ನಮ್ಮದು ಜತ್, ಸಾಂಗ್ಲಿ ಜಿಲ್ಲೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ. ಅಜ್ಜನ ಹತ್ತಿರ ಒಂದು ವಾಲ್ವ್ ರೇಡಿಯೊ ಇತ್ತು. ಅದರ ಡಯಲ್ ಗಾಜಿನ ಮೇಲೆ ಅತ್ತೆಯ ನೇಲ್ ಪಾಲಿಶ್‌ನಿಂದ ಎರಡು ಚುಕ್ಕೆ ಇಟ್ಟಿದ್ದ: ಒಂದು ಧಾರವಾಡ, 765 ಕಿಲೋಹರ್ಟ್ಸ್, ಇನ್ನೊಂದು ಸಾಂಗ್ಲಿ. ರಾತ್ರಿಯಾದ ಮೇಲೆ ಮಧ್ಯಮ ತರಂಗದಲ್ಲಿ ದೂರದೂರದ ನಿಲಯಗಳು ತೇಲಿ ಬರುತ್ತವೆ, ನಿಮಗೆ ಗೊತ್ತು. ಆ ಎರಡು ಚುಕ್ಕೆಗಳ ನಡುವೆ ಏನೇನಿದೆ ಅಂತ ನೋಡೋ ಆಸೆ ನನಗೆ. ಕಿವಿ ತಿರುವಲು ಹೋದರೆ ಅಜ್ಜ ಅನ್ನುತ್ತಿದ್ದ: "ಮುಟ್ಟಬ್ಯಾಡ, ಧಾರವಾಡ ಹೊಕ್ಕೈತಿ." ಮಾತು ನಿಜ. ರೇಡಿಯೊ ಒಂದು ಸಲಕ್ಕೆ ಒಂದನ್ನೇ ಕೇಳಿಸುತ್ತದೆ. ಪಕ್ಕದಲ್ಲಿ ಯಾರಿದ್ದಾರೆ ಎಂದು ತಿಳಿಯಬೇಕಾದರೆ ಈಗ ಇರುವವರನ್ನು ಬಿಟ್ಟು ಹೋಗಬೇಕು.

ಹವ್ಯಾಸಿ ರೇಡಿಯೊದವರಿಗೆ, ಅಂದರೆ ಹ್ಯಾಮ್‌ಗಳಿಗೆ, ಈ ಕಷ್ಟ ಇನ್ನೂ ಹೆಚ್ಚು. ಆಕಾಶವಾಣಿ ದಿನವೂ ಅದೇ ಜಾಗದಲ್ಲಿರುತ್ತದೆ. ಹ್ಯಾಮ್ ಎಲ್ಲಿ ಬೇಕಾದರೂ, ಯಾವಾಗ ಬೇಕಾದರೂ, ಎರಡು ನಿಮಿಷ ಕರೆದು ಸುಮ್ಮನಾಗಬಹುದು. ಆ ಕರೆಯನ್ನು ಕೇಳುವ ಬದಲು ಕಣ್ಣಿನಿಂದ ನೋಡಲು ಸಾಧ್ಯವೇ ಎಂದು ಯೋಚಿಸಿದವರಲ್ಲಿ ಮುಖ್ಯನಾದವನು ಮಾರ್ಸೆಲ್ ವ್ಯಾಲೇಸ್. ಫ್ರಾನ್ಸ್‌ನಿಂದ ಅಮೆರಿಕಕ್ಕೆ ಬಂದ ಎಂಜಿನಿಯರ್. ನ್ಯೂಯಾರ್ಕ್‌ನಲ್ಲಿ ಪನೋರಮಿಕ್ ರೇಡಿಯೊ ಕಾರ್ಪೊರೇಷನ್ ಕಟ್ಟಿದವನು. ಅವನ ಉಪಾಯ ಹೀಗಿತ್ತು. ರಿಸೀವರ್ ಒಳಗೆ ಫಿಲ್ಟರ್ ಬೇರೆ ನಿಲಯಗಳನ್ನು ಸೋಸಿ ಹಾಕುವ ಮೊದಲೇ, ಮಿಕ್ಸರ್ ಹಂತದಿಂದ ಒಂದು ತಂತಿ ಹೊರಗೆ ತೆಗೆಯುವುದು. ಆ ತಂತಿಯಲ್ಲಿ ಇನ್ನೂ ಸುತ್ತಲಿನ ಎಲ್ಲರೂ ಇರುತ್ತಾರೆ. ಅದನ್ನು ಇನ್ನೊಂದು ಸಣ್ಣ ರಿಸೀವರ್‌ಗೆ ಕೊಟ್ಟು, ಅದರ ಆಸಿಲೇಟರನ್ನು ತಾನಾಗಿ ಆಚೀಚೆ ಓಡಾಡಿಸಿ, ಸಿಕ್ಕ ಸಿಗ್ನಲ್‌ನ ಬಲವನ್ನು ಚಿತ್ರನಳಿಕೆಯ ಮೇಲೆ ಗೆರೆಯಾಗಿ ಎಬ್ಬಿಸುವುದು. ಬಾಗಿಲ ಸಂದಿಯಲ್ಲಿ ಇಣುಕುವುದನ್ನು ಬಿಟ್ಟು ಮಾಳಿಗೆ ಹತ್ತಿ ಇಡೀ ಓಣಿ ನೋಡಿದ ಹಾಗೆ.

ಮಾಳಿಗೆ ಹತ್ತಿದ ಮೇಲೆ ಎಷ್ಟು ದೂರ ನೋಡಬೇಕು? ಇದನ್ನು ಹೇಳುವ ನಾಬಿನ ಹೆಸರು ಸ್ವೀಪ್ ವಿಡ್ತ್, ಹರವು ಅನ್ನೋಣ. ಜೊತೆಗೆ ಗೆರೆ ಎಷ್ಟು ಎತ್ತರ ಏಳಬೇಕು ಎನ್ನುವುದಕ್ಕೆ ಗೇನ್. ಮಧ್ಯದ ಗೆರೆ ನಿಜವಾಗಿ ಮಧ್ಯದಲ್ಲಿದೆಯೇ ಎಂದು ಸರಿಮಾಡಲು ಸೆಂಟರ್. ಉಳಿದ ಬೆಳಕು, ಫೋಕಸ್ ಇವೆಲ್ಲ ಚಿತ್ರನಳಿಕೆಯ ಸಾಮಾನ್ಯ ನಾಬುಗಳು, ಅವನ್ನು ಬಿಟ್ಟುಬಿಡ್ತೀನಿ. ಈ ಮೂರು ನಾಬುಗಳು ಹೆಸರು ಬದಲಿಸಿಕೊಂಡು ಇವತ್ತಿಗೂ ಇವೆ.

ಎರಡನೆಯ ಮಹಾಯುದ್ಧದಲ್ಲಿ ಈ ಉಪಕರಣಕ್ಕೆ ಬೇಡಿಕೆ ಬಂತು. ಶತ್ರು ಕೆಲವೇ ಸೆಕೆಂಡು ಮಾತಾಡಿ ನಿಲ್ಲಿಸಿದರೆ ಒಂದೇ ಕಡೆ ಕಿವಿಗೊಟ್ಟು ಕೂತವನಿಗೆ ಅದು ಸಿಗುವುದಿಲ್ಲ, ಪರದೆ ನೋಡುವವನಿಗೆ ಒಂದು ಮುಳ್ಳು ಎದ್ದು ಬಿದ್ದದ್ದಾದರೂ ಕಾಣುತ್ತದೆ. ಯುದ್ಧ ಮುಗಿದಾಗ ಎಪಿಎ-10 ಮುಂತಾದ ಸೈನ್ಯದ ಪೆಟ್ಟಿಗೆಗಳು ಅಗ್ಗದ ಹಳೆಸಾಮಾನಾಗಿ ಪೇಟೆಗೆ ಬಂದವು, ಅಮೆರಿಕದ ಹ್ಯಾಮ್‌ಗಳು ಅವನ್ನು ಕೊಂಡು ಮನೆಯಲ್ಲಿ ಮಾರ್ಪಡಿಸಿಕೊಂಡರು. ಹ್ಯಾಲಿಕ್ರಾಫ್ಟರ್ಸ್ ಕಂಪನಿ ಎಸ್‌ಪಿ-44 ಎಂಬ ಸಿದ್ಧ ಪೆಟ್ಟಿಗೆಯನ್ನೇ ಹ್ಯಾಮ್‌ಗಳಿಗಾಗಿ ಮಾರಿತು. ವ್ಯಾಲೇಸ್‌ನ ಕಂಪನಿ ಇಟ್ಟ ಪ್ಯಾನಡಾಪ್ಟರ್ ಎಂಬ ಹೆಸರು ಅಕ್ಷರ ತುಸು ಬದಲಾಗಿ ಇಡೀ ಜಾತಿಗೇ ನಿಂತಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಹರವಿನ ನಾಬು ನೋಡಲು ಮುಗ್ಧವಾಗಿದೆ, ಆದರೆ ಅದರೊಳಗೆ ಪ್ರಕೃತಿಯ ಒಂದು ಜಿಪುಣತನ ಅಡಗಿದೆ. ಅಗಲವಾಗಿ, ಬೇಗ, ಸೂಕ್ಷ್ಮವಾಗಿ, ಈ ಮೂರನ್ನೂ ಒಟ್ಟಿಗೆ ನೋಡಲು ಬರುವುದಿಲ್ಲ. ಸೂಕ್ಷ್ಮವಾಗಿ ನೋಡಬೇಕಾದರೆ ಕಿರಿದಾದ ಫಿಲ್ಟರ್ ಬೇಕು, ಕಿರಿದಾದ ಫಿಲ್ಟರ್ ನಿಧಾನವಾಗಿ ತುಂಬುತ್ತದೆ. ಲೆಕ್ಕ ಇಡೋಣ. 100 ಕಿಲೋಹರ್ಟ್ಸ್ ಅಗಲವನ್ನು 1 ಕಿಲೋಹರ್ಟ್ಸ್ ಸೂಕ್ಷ್ಮತೆಯಲ್ಲಿ ಗುಡಿಸಿ ನೋಡಲು ಸುಮಾರು ಕಾಲು ಸೆಕೆಂಡು ಸಾಕು. ಅದೇ ಅಗಲ, ಸೂಕ್ಷ್ಮತೆ 100 ಹರ್ಟ್ಸ್ ಬೇಕು ಅಂದರೆ? ಹತ್ತು ಪಟ್ಟು ಅಲ್ಲ, ನೂರು ಪಟ್ಟು ಸಮಯ: ಇಪ್ಪತ್ತೈದು ಸೆಕೆಂಡು. ಅಷ್ಟರಲ್ಲಿ ಕರೆದವನು ಬೇರೆಡೆ ಹೋಗಿರುತ್ತಾನೆ.

ಹಳೆಯ ಪೆಟ್ಟಿಗೆಗಳಲ್ಲಿ ಚಿತ್ರ ಮಿನುಗಬಾರದೆಂದು ಸೆಕೆಂಡಿಗೆ ಹಲವಾರು ಸಲ ಗುಡಿಸುತ್ತಿದ್ದರು. ಹೀಗಾಗಿ ಅಗಲ ಪೂರ್ತಿ ತೆರೆದಾಗ ಒಂದು ಕಿಲೋಹರ್ಟ್ಸ್ ದೂರದಲ್ಲಿದ್ದ ಇಬ್ಬರು ಒಂದೇ ದಿಬ್ಬವಾಗಿ ಕಾಣುತ್ತಿದ್ದರು. ಹರವು ಕಡಿಮೆ ಮಾಡಿದಂತೆ ದಿಬ್ಬ ಒಡೆದು ಎರಡಾಗುತ್ತಿತ್ತು. ನನಗೆ ಇದು ಒಳ್ಳೆಯ ವಿನ್ಯಾಸ ಅನ್ನಿಸುತ್ತದೆ. ಒಂದೇ ನಾಬು, ಎರಡು ಕೆಲಸ. ಆದರೆ ಆಪರೇಟರ್‌ಗೆ ತನ್ನ ಬೆರಳಿನ ಕೆಳಗೇ ಆ ಕೊಡು-ಕೊಳ್ಳುವಿಕೆ ಗೊತ್ತಾಗುತ್ತಿತ್ತು. ಇದನ್ನು ಕೊಟ್ಟೆ, ಅದನ್ನು ಪಡೆದೆ.

ನಿಧಾನವಾಗಿ ಗುಡಿಸಬೇಕಾದಾಗ ಇನ್ನೊಂದು ಉಪಾಯ ಇತ್ತು, ಪಿ7 ಎಂಬ ರಂಜಕದ ಲೇಪ. ಕಿರಣ ಬಿದ್ದಾಗ ನೀಲಿಯಾಗಿ ಹೊಳೆದು, ಆಮೇಲೆ ಹಳದಿ-ಹಸಿರಾಗಿ ಸ್ವಲ್ಪ ಹೊತ್ತು ಉಳಿಯುತ್ತದೆ. ರೇಡಾರ್‌ಗೆ ಬಳಸುತ್ತಿದ್ದದ್ದು. 1960ರ ದಶಕದಲ್ಲಿ ಹೀತ್‌ಕಿಟ್ ಕಂಪನಿ ಮನೆಯಲ್ಲೇ ಬೆಸುಗೆ ಹಾಕಿ ಕಟ್ಟಿಕೊಳ್ಳುವ ಕಿಟ್‌ಗಳನ್ನು ತಂದಾಗ, ಹ್ಯಾಮ್-ಸ್ಕ್ಯಾನ್, ಆಮೇಲೆ ಎಸ್‌ಬಿ-620 ಸ್ಕ್ಯಾನಲೈಸರ್, ನಾಬುಗಳ ಸಾಲಿಗೆ ಒಂದು ಮುಖ್ಯ ಸೇರ್ಪಡೆ ಆಗಿತ್ತು: ನೇರ ಅಳತೆಯೋ ಲಾಗರಿದಮ್ ಅಳತೆಯೋ ಎಂಬ ಆಯ್ಕೆ. ನೇರ ಅಳತೆಯಲ್ಲಿ ಪಕ್ಕದ ಊರಿನ ದೊಡ್ಡ ದನಿ ಪರದೆಯ ತುದಿ ಮುಟ್ಟಿದರೆ, ಸಾವಿರ ಪಟ್ಟು ದುರ್ಬಲವಾದ ದೂರದ ದನಿ ತಳದ ಗೆರೆಯ ದಪ್ಪದಲ್ಲೇ ಮುಚ್ಚಿಹೋಗುತ್ತದೆ. ಲಾಗರಿದಮ್ ಅಳತೆಯಲ್ಲಿ ಇಬ್ಬರೂ ಒಂದೇ ಪರದೆಯಲ್ಲಿ ಕಾಣುತ್ತಾರೆ, ಆದರೆ ಗದ್ದಲವೂ ಎದ್ದು ಕೂಡುತ್ತದೆ. ಸ್ವಿಚ್ಚು ಎರಡು ಕಡೆಗೂ ಇದ್ದದ್ದರ ಅರ್ಥ, ಏನನ್ನು ಗದ್ದಲ ಎನ್ನಬೇಕು ಎಂಬ ತೀರ್ಮಾನ ಇನ್ನೂ ಕೂತವನ ಕೈಯಲ್ಲೇ ಇತ್ತು.

ತನ್ನದೇ ಪ್ರಸಾರದ ಆಕಾರ ನೋಡಿಕೊಳ್ಳುವ ಮಾನಿಟರ್ ಸ್ಕೋಪ್‌ಗಳದು ಬೇರೆ ಕವಲು. ಅದಕ್ಕೆ ಇವತ್ತು ಹೋಗುವುದಿಲ್ಲ.

ಈಗ ವಾಟರ್‌ಫಾಲ್. ಜಲಪಾತ ಅನ್ನಬಹುದು, ಆದರೆ ಇಲ್ಲಿ ಕೆಳಗೆ ಬೀಳುವುದು ಕಾಲ. ಪ್ರತಿ ಕ್ಷಣದ ಚಿತ್ರವನ್ನು ಒಂದು ಬಣ್ಣದ ಗೆರೆಯಾಗಿ ಮೇಲೆ ಬರೆದು, ಹಳೆಯದನ್ನು ಕೆಳಕ್ಕೆ ತಳ್ಳುತ್ತಾ ಹೋಗುವುದು. ಇದರ ಪೂರ್ವಜರು ಹ್ಯಾಮ್‌ಗಳಲ್ಲ. ಬೆಲ್ ಪ್ರಯೋಗಾಲಯದಲ್ಲಿ ರಾಲ್ಫ್ ಪಾಟರ್ ಮತ್ತು ಸಂಗಡಿಗರು 1940ರ ದಶಕದಲ್ಲಿ ಮನುಷ್ಯನ ಮಾತನ್ನೇ ಚಿತ್ರವಾಗಿಸುವ ಯಂತ್ರ ಮಾಡಿದರು. 1947ರಲ್ಲಿ ಅವರ 'ವಿಸಿಬಲ್ ಸ್ಪೀಚ್' ಪುಸ್ತಕ ಬಂತು. ಅದರ ಒಂದು ಆಸೆ, ಕಿವುಡರು ಫೋನಿನ ಮಾತನ್ನು ಓದುವಂತಾಗಲಿ ಎಂಬುದು. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

1965ರಲ್ಲಿ ಕೂಲಿ ಮತ್ತು ಟೂಕಿ ಪ್ರಕಟಿಸಿದ ವೇಗದ ಫೂರಿಯೆ ಲೆಕ್ಕ, ಎಫ್‌ಎಫ್‌ಟಿ, ಮನೆಯ ಕಂಪ್ಯೂಟರ್‌ಗೆ ಇಳಿಯಲು ಮೂವತ್ತು ವರ್ಷ ಬೇಕಾಯಿತು. ಇಳಿದ ಮೇಲೆ ಓಟವೇ ಓಟ. ಬ್ರಿಟನ್ನಿನ ಪೀಟರ್ ಮಾರ್ಟಿನೆಜ್ 1990ರ ದಶಕದ ಕೊನೆಗೆ ಪಿಎಸ್‌ಕೆ31 ಎಂಬ ಬೆರಳಚ್ಚಿನ ವಿಧಾನ ಹರಡಿದರು. ಅದರ ಸಿಗ್ನಲ್ ಅಗಲ ಬರೀ 31 ಹರ್ಟ್ಸ್. ಅಷ್ಟು ಸಪೂರದ್ದನ್ನು ಕೈಯಿಂದ ತಿರುವಿ ಹಿಡಿಯುವುದು ಕಷ್ಟ. ಡಿಜಿಪ್ಯಾನ್ ಎಂಬ ತಂತ್ರಾಂಶ ಸುಮಾರು ಮೂರು ಕಿಲೋಹರ್ಟ್ಸ್ ಅಗಲವನ್ನು ವಾಟರ್‌ಫಾಲಾಗಿ ತೋರಿಸಿ, ಬೇಕಾದ ಗೆರೆಯ ಮೇಲೆ ಮೌಸ್ ಒತ್ತಿ ಎಂದಿತು. ಅಲ್ಲಿಗೆ ಪರದೆ ನೋಡುವ ಸಾಧನವಾಗಿ ಉಳಿಯಲಿಲ್ಲ, ಅದೇ ನಾಬೂ ಆಯಿತು. 2002-03ರಲ್ಲಿ ಟೆಕ್ಸಾಸ್‌ನ ಜೆರಾಲ್ಡ್ ಯಂಗ್‌ಬ್ಲಡ್ ಕ್ಯೂಇಎಕ್ಸ್ ಪತ್ರಿಕೆಯಲ್ಲಿ ಕಂಪ್ಯೂಟರ್‌ನ ಸೌಂಡ್ ಕಾರ್ಡ್ ಬಳಸಿ ಇಡೀ ರೇಡಿಯೊವನ್ನೇ ತಂತ್ರಾಂಶವಾಗಿಸುವ ಲೇಖನಮಾಲೆ ಬರೆದರು. ಫ್ಲೆಕ್ಸ್‌ರೇಡಿಯೊ ಅಲ್ಲಿಂದ ಹುಟ್ಟಿತು.

ಕರ್ನಾಟಕದ ಕೊಂಡಿಯೊಂದು ಇಲ್ಲೇ ಬರುತ್ತದೆ. 2005ರ ಮೇ 5ರಂದು ಇಸ್ರೋ ಹಾರಿಸಿದ ಹ್ಯಾಮ್‌ಸ್ಯಾಟ್, ಹ್ಯಾಮ್‌ಗಳಿಗೆಂದೇ ಮಾಡಿದ ಪುಟ್ಟ ಉಪಗ್ರಹ. ಅದರ ಮೂಲಕ ಒಮ್ಮೆಗೆ ಹಲವರು ಮಾತಾಡಬಹುದಿತ್ತು. ಇಳಿದು ಬರುವ ದನಿ 145.9 ಮೆಗಾಹರ್ಟ್ಸ್ ಆಸುಪಾಸು. ಉಪಗ್ರಹ ಹತ್ತಿರ ಬರುವಾಗ ಮತ್ತು ದೂರ ಹೋಗುವಾಗ ಫ್ರೀಕ್ವೆನ್ಸಿ ಸುಮಾರು 3 ಕಿಲೋಹರ್ಟ್ಸ್ ಮೇಲೆ ಕೆಳಗೆ ಜಾರುತ್ತದೆ. ವಾಟರ್‌ಫಾಲಿನ ವೇಗ ನಿಧಾನವಾಗಿಟ್ಟರೆ ಆ ಜಾರುವಿಕೆ ಬಾಗಿದ ಗೆರೆಯಾಗಿ ಕಾಣುತ್ತದೆ; ನೆಲದ ಮೇಲಿನ ಗದ್ದಲ ನೆಟ್ಟಗೆ ಇಳಿಯುತ್ತದೆ. ವೇಗ ಹೆಚ್ಚಿಟ್ಟರೆ ಎರಡೂ ನೆಟ್ಟಗೇ ಕಾಣುತ್ತವೆ, ಯಾವುದು ಆಕಾಶದ್ದು ಯಾವುದು ಪಕ್ಕದ ಮನೆಯ ಟ್ಯೂಬ್‌ಲೈಟಿನದು ತಿಳಿಯುವುದಿಲ್ಲ. ಒಂದು ಸಣ್ಣ ನಾಬು, ವೇಗದ್ದು. ಅದು ಇಷ್ಟು ಹೇಳುತ್ತದೆ.

ಈಗ ನನ್ನ ಮುಖ್ಯ ಮಾತು. ಲೆಕ್ಕ ಡಿಜಿಟಲ್ ಆದ ಮೇಲೆ ಜಿಪುಣತನ ಹೋಗಲಿಲ್ಲ, ನಾಬಿನಿಂದ ಜಾರಿ ತಂತ್ರಾಂಶದೊಳಗೆ ಕೂತಿತು. ಸೆಕೆಂಡಿಗೆ 48,000 ಮಾದರಿ ತೆಗೆದು 4096ರ ಗುಂಪಾಗಿ ಲೆಕ್ಕ ಹಾಕಿದರೆ ಸೂಕ್ಷ್ಮತೆ 11.7 ಹರ್ಟ್ಸ್, ಒಂದು ಗುಂಪು ತುಂಬಲು 85 ಮಿಲಿಸೆಕೆಂಡು. ನಿಮಿಷಕ್ಕೆ 20 ಪದದ ಮೋರ್ಸ್‌ನಲ್ಲಿ ಒಂದು ಚುಕ್ಕೆಯ ಆಯಸ್ಸು 60 ಮಿಲಿಸೆಕೆಂಡು. ಅಂದರೆ ಚುಕ್ಕೆಯನ್ನು ಚುಕ್ಕೆಯಾಗಿ ಈ ಪರದೆ ತೋರಿಸಲಾರದು, ಮುಂದಿನ ಮೌನದ ಜೊತೆ ಕಲಸಿ ತೋರಿಸುತ್ತದೆ.

ಮುಂದೆ ನೋಡ್ರಿ. ಲೆಕ್ಕದಲ್ಲಿ 4096 ಖಾನೆ, ಪರದೆಯಲ್ಲಿ 800 ಚುಕ್ಕಿ ಅಂತಿಟ್ಟುಕೊಳ್ಳಿ. ಐದು ಖಾನೆಗೆ ಒಂದು ಚುಕ್ಕಿ. ಐದರಲ್ಲಿ ಯಾವುದನ್ನು ತೋರಿಸೋದು? ಸರಾಸರಿ ತೆಗೆದರೆ ಒಂದೇ ಖಾನೆಯಲ್ಲಿರುವ ಸಪೂರ ಸಿಗ್ನಲ್ 7 ಡೆಸಿಬಲ್‌ನಷ್ಟು ತೆಳುವಾಗುತ್ತದೆ. ಗರಿಷ್ಠ ತೆಗೆದರೆ ಸಿಗ್ನಲ್ ಉಳಿಯುತ್ತದೆ, ಆದರೆ ಗದ್ದಲದ ತಳವೂ ಮೇಲೇಳುತ್ತದೆ. ಎರಡೂ ಸರಿ, ಎರಡೂ ತಪ್ಪು. ನಾನು ನೋಡಿದ ಹಲವು ತಂತ್ರಾಂಶಗಳಲ್ಲಿ ಇದಕ್ಕೆ ನಾಬೇ ಇಲ್ಲ. ಯಾರೋ ಬರೆದವರು ಒಂದನ್ನು ಆರಿಸಿದ್ದಾರೆ, ಅಷ್ಟೆ.

ಸೂಕ್ಷ್ಮತೆ ಹೆಚ್ಚಿಸಿದಾಗ ಪ್ರತಿ ಖಾನೆಗೆ ಬೀಳುವ ಗದ್ದಲ ಕಡಿಮೆಯಾಗಿ ತಳ ಕೆಳಗಿಳಿಯುತ್ತದೆ. ಹೊಸಬರು ರೇಡಿಯೊ ಶಾಂತವಾಯಿತು ಎಂದು ಹಿಗ್ಗುತ್ತಾರೆ. ಶಾಂತವಾಗಿಲ್ಲ, ಅದೇ ಅಕ್ಕಿಯನ್ನು ಹೆಚ್ಚು ಡಬ್ಬಿಗಳಿಗೆ ಹಂಚಿದ್ದೀರಿ. ಮಾತು ಕೇಳುವ 2.4 ಕಿಲೋಹರ್ಟ್ಸ್ ಅಗಲದಲ್ಲಿರುವ ಗದ್ದಲಕ್ಕೂ 11.7 ಹರ್ಟ್ಸ್ ಖಾನೆಯಲ್ಲಿರುವ ಗದ್ದಲಕ್ಕೂ 23 ಡೆಸಿಬಲ್ ಅಂತರ. ಆದ್ದರಿಂದ ಮೀಟರ್ ಒಂದು ಹೇಳುತ್ತದೆ, ಪರದೆ ಇನ್ನೊಂದು.

ಕೊನೆಯದು ಕಪ್ಪು ಮಟ್ಟ. ಯಾವ ಬಲಕ್ಕಿಂತ ಕೆಳಗಿನದನ್ನು ಕಪ್ಪಾಗಿ ಬಿಡಬೇಕು ಎಂಬ ನಾಬು. ಇದರಿಂದ ನಾನೇ ಒಮ್ಮೆ ಏಟು ತಿಂದಿದ್ದೇನೆ. ನೆರೆ ಬಂದಾಗ ಸಂಪರ್ಕ ಹೇಗೆ ಇಡಬೇಕು ಎಂಬ ರಾತ್ರಿಯ ಅಭ್ಯಾಸ. ಸಿಕ್ಕಿಬಿದ್ದವನ ಪಾತ್ರದಲ್ಲಿ ಒಬ್ಬ, ಬ್ಯಾಟರಿಯ ಪುಟ್ಟ ಸೆಟ್ಟಿನಿಂದ, 40 ಮೀಟರ್ ಬ್ಯಾಂಡಿನಲ್ಲಿ ಮೋರ್ಸ್ ಕರೆ ಕೊಡಬೇಕು. ಎಲ್ಲಿ, ಎಷ್ಟು ಹೊತ್ತಿಗೆ ಎಂದು ಹೇಳಿರುವುದಿಲ್ಲ. ನಾನು ಪರದೆಯ ಮುಂದೆ. ಪಕ್ಕದಲ್ಲಿ ನನ್ನ ಗೆಳೆಯರೊಬ್ಬರು, ಕಣ್ಣು ಕಾಣದವರು, ಹಳೆಯ ರಿಸೀವರ್ ಮುಂದೆ ಹೆಡ್‌ಫೋನ್ ಹಾಕಿ ಕೂತಿದ್ದರು. ಸಂಜೆ ಗುಡುಗಿನ ಗದ್ದಲ ಜೋರಿತ್ತು, ಪರದೆಯೆಲ್ಲ ಹಿಟ್ಟು ಚೆಲ್ಲಿದ ಹಾಗಿತ್ತು ಅಂತ ಕಪ್ಪು ಮಟ್ಟ ಏರಿಸಿದೆ. ಅಂದವಾಯಿತು. ನಡುರಾತ್ರಿ ಗದ್ದಲ ಇಳಿಯಿತು, ಮಟ್ಟ ಇಳಿಸಲು ನಾನು ಮರೆತೆ. ಬ್ಯಾಂಡು ಖಾಲಿ ಅಂತ ಚಹಾ ಕುಡೀತಾ ಕೂತಿದ್ದೆ. ಅವರು ನಾಬನ್ನು ಕೂದಲೆಳೆಯಷ್ಟು ತಿರುವಿ ನಿಂತರು. "ಇಲ್ಲೆ ಯಾರೋ ಕರ್ಯಾಕತ್ತಾರ ನೋಡ್ರಿ." ನನ್ನ ಪರದೆ ಕಪ್ಪು. ಮಟ್ಟ ಇಳಿಸಿದೆ, ಮಸುಕಾದ ಗೆರೆ ಎದ್ದಿತು. ಆಮೇಲೆ ಲಾಗ್ ಪುಸ್ತಕ ಹೋಲಿಸಿದಾಗ ಗೊತ್ತಾಯಿತು, ಆತ ಕರೆಯಲು ಶುರು ಮಾಡಿ ಹನ್ನೊಂದು ನಿಮಿಷ ಆಗಿತ್ತು. ಅಭ್ಯಾಸವಾದ್ದರಿಂದ ಯಾರಿಗೂ ಏನೂ ಆಗಲಿಲ್ಲ.

ಈಗಿನ ತಂತ್ರಾಂಶಗಳು ಕಪ್ಪು ಮಟ್ಟವನ್ನು ತಾವೇ ಇಡುತ್ತವೆ. ನನ್ನ ಮರೆವಿಗೆ ಅದು ಮದ್ದು, ಒಪ್ಪುತ್ತೇನೆ. ಆದರೆ ಅವು ಸುಂದರ ಚಿತ್ರಕ್ಕಾಗಿ ಮಟ್ಟವನ್ನು ತಳಕ್ಕಿಂತ ತುಸು ಮೇಲೆ ಇಡುತ್ತವೆ, ಆ ತುಸುವಿನಲ್ಲಿಯೇ ಇಂಥ ಕರೆಗಳು ಇರುತ್ತವೆ.

2016ರಲ್ಲಿ ಒಸಾಕಾದ ಐಕಾಮ್ ಕಂಪನಿಯ ಐಸಿ-7300 ಪೇಟೆಗೆ ಬಂದು, ಮುಟ್ಟುವ ಪರದೆ, ವಾಟರ್‌ಫಾಲ್ ಎರಡನ್ನೂ ನಡುದರ್ಜೆಯ ರೇಡಿಯೊಗೆ ತಂದಿತು. ಒಳ್ಳೆಯ ರೇಡಿಯೊ. ಅದರ ನೋಟದ ಬಗೆಗಳಲ್ಲಿ ಎರಡು: ಸೆಂಟರ್ ಮತ್ತು ಫಿಕ್ಸ್. ಸೆಂಟರ್‌ನಲ್ಲಿ ನೀವು ನಡುವೆ ನಿಲ್ಲುತ್ತೀರಿ, ಊರು ಸರಿಯುತ್ತದೆ; ವ್ಯಾಲೇಸ್‌ನ ಪೆಟ್ಟಿಗೆ ಹೀಗೇ ಇತ್ತು, ಅದು ರಿಸೀವರ್‌ನ ಆಸಿಲೇಟರಿಗೆ ಕಟ್ಟಿಕೊಂಡಿತ್ತಲ್ಲ. ಫಿಕ್ಸ್‌ನಲ್ಲಿ ಊರು ನಿಲ್ಲುತ್ತದೆ, ಮುಳ್ಳು ನಡೆಯುತ್ತದೆ. ಅದು ಅಜ್ಜನ ಡಯಲ್. ನೇಲ್ ಪಾಲಿಶ್ ಚುಕ್ಕೆ ಇಡಬೇಕಾದರೆ ಎರಡನೆಯದೇ ಬೇಕು. ಅಂದಹಾಗೆ ಆ ಚುಕ್ಕೆ ಉಬ್ಬಿತ್ತು. ಕರೆಂಟ್ ಹೋಗಿ ಡಯಲ್ ದೀಪ ಆರಿದಾಗಲೂ ಅಜ್ಜ ಅದನ್ನು ಬೆರಳಿನಿಂದ ಸವರಿ ಹೇಳುತ್ತಿದ್ದ.

ಮುಟ್ಟುವ ಪರದೆ ನುಣುಪು. ನನ್ನ ಗೆಳೆಯರು ಅಂಥ ರೇಡಿಯೊ ಮುಂದೆ ಕೂತಾಗ ಫ್ರೀಕ್ವೆನ್ಸಿಯನ್ನು ಯಂತ್ರ ಮಾತಾಡಿ ಹೇಳುತ್ತದೆ, ಹರವು ಎಷ್ಟಿದೆ ಎಂದು ಹೇಳುವುದಿಲ್ಲ. ಈ ಕೊರತೆ ಅನಿವಾರ್ಯವಾಗಿರಲಿಲ್ಲ. ನ್ಯೂಯಾರ್ಕ್‌ನ ಅಂಧರ ಶಾಲೆಯಲ್ಲಿ ಕಲಿಸುತ್ತಿದ್ದ, ತಾನೂ ಅಂಧನಾಗಿದ್ದ ರಾಬರ್ಟ್ ಗಂಡರ್ಸನ್ ಎಂಬ ಹ್ಯಾಮ್ 1950ರ ದಶಕದಲ್ಲಿ 'ಬ್ರೈಲ್ ಟೆಕ್ನಿಕಲ್ ಪ್ರೆಸ್' ಎಂಬ ಪತ್ರಿಕೆ ನಡೆಸುತ್ತಿದ್ದ. ಮೀಟರಿನ ಮುಳ್ಳನ್ನು ಕಿವಿಯಿಂದ ಓದುವ ಉಪಾಯಗಳನ್ನು ಅವನು ಹರಡಿದ: ಒಂದು ದನಿ, ಒಂದು ಬ್ರೈಲ್ ಗುರುತಿನ ನಾಬು, ತಿರುವುತ್ತಾ ದನಿ ಅಡಗಿದಲ್ಲಿ ಬೆರಳಿಟ್ಟು ಓದಿಕೊಳ್ಳಬೇಕು. ಕಿವುಡರ ಕಣ್ಣಿಗೆ ಮಾತು ಮುಟ್ಟಿಸಲೆಂದು ಹೊರಟ ಚಿತ್ರವೇ ಎಪ್ಪತ್ತು ವರ್ಷದ ಮೇಲೆ, ಕಿವಿಯ ವಿದ್ಯೆ ಬಲ್ಲ ಕುರುಡರನ್ನು ಹೊರಗೆ ನಿಲ್ಲಿಸಿತು.

ಇಲ್ಲಿಗೆ ನನ್ನ ಮಾತು. ಪ್ರಶ್ನೆಗಳಿದ್ದರೆ ಕೇಳಿ.

ಕಾಸರಗೋಡಿನಿಂದ ಸೇರಿಕೊಂಡ ವಿದ್ಯಾರ್ಥಿನಿ: ಸರ್, ನೋಡುವವರಿಗೆ ಎಲ್ಲ ತೀರ್ಮಾನವನ್ನೂ ಕೊಟ್ಟರೆ ಪೆಟ್ಟಿಗೆ ತುಂಬ ನಾಬೇ ಆಗ್ತದಲ್ವಾ? ಹೊಸಬರು ಹೆದರಿ ಓಡುದಿಲ್ವಾ?

ಉತ್ತರ: ಓಡ್ತಾರೆ. ನಾನೂ ಓಡಿದ್ದೆ. ಅದಕ್ಕೆ ಎಲ್ಲವನ್ನೂ ಮುಂದೆ ಇಡಬೇಕು ಅಂತ ನನ್ನ ವಾದವಲ್ಲ. ಸರಾಸರಿಯೋ ಗರಿಷ್ಠವೋ ಎಂಬುದು ಮೆನುವಿನೊಳಗೆ ಇರಲಿ, ಆದರೆ ಈಗ ಯಾವುದು ನಡೆಯುತ್ತಿದೆ ಎಂದು ಪರದೆಯ ಮೂಲೆಯಲ್ಲಿ ಎರಡು ಅಕ್ಷರ ಬರೆದಿರಲಿ. ಕಪ್ಪು ಮಟ್ಟ ತಾನಾಗಿ ಇರಲಿ, ಅದರ ಮೇಲೆ ನನ್ನ ಕೈ ಹೆಚ್ಚುಕಮ್ಮಿ ಮಾಡುವಷ್ಟು ಜಾಗ ಬಿಡಲಿ.

ಅಕ್ಕಲಕೋಟೆಯ ಅಧ್ಯಾಪಕರು: ನೀವು ಸ್ವತಃ ಕಟ್ಟಿದ ಪೆಟ್ಟಿಗೆ ಇದೆ ಅಂತ ಸಂಚಾಲಕರು ಅಂದ್ರು. ಅದರಾಗ ಏನೇನು ಇಟ್ಟೀರಿ?

ಉತ್ತರ: ಅಗ್ಗದ ಯುಎಸ್‌ಬಿ ರಿಸೀವರ್, ಅಂಗೈ ಅಗಲದ ಕಂಪ್ಯೂಟರ್, ಮೂರು ನಾಬು ಸರ್. ಹರವಿನ ನಾಬು ಟಿಕ್ ಟಿಕ್ ಅಂತ ನಿಂತು ನಿಂತು ತಿರುಗುತ್ತದೆ, ಎಂಟು ಹೆಜ್ಜೆ. ಎಣಿಸಿದರೆ ಎಲ್ಲಿದ್ದೇನೆ ಗೊತ್ತಾಗುತ್ತದೆ. ಎರಡನೆಯದು ಕಪ್ಪು ಮಟ್ಟ, ನಡುವೆ ಒಂದು ಕಚ್ಚು. ಆ ಕಚ್ಚಿನಲ್ಲಿದ್ದರೆ ಮಟ್ಟ ಸರಿಯಾಗಿ ಗದ್ದಲದ ತಳಕ್ಕೆ ಕೂತಿದೆ ಅಂತ. ಮೂರನೆಯದು ವೇಗ. ಗೆಳೆಯರು ಬಂದು ಮುಟ್ಟಿ ನೋಡಿ, ಮೂರೂ ಒಂದೇ ಆಕಾರ ಇದಾವಲ್ಲ, ಯಾವುದು ಯಾವುದು ಹೆಂಗ ತಿಳೀಬೇಕು ಅಂದ್ರು. ಹೋದ ವಾರ ಒಂದನ್ನು ಚೌಕದ್ದು ಮಾಡಿದೆ. ಇನ್ನೊಂದಕ್ಕೆ ತಂಗಿಯ ನೇಲ್ ಪಾಲಿಶ್ ತಂದಿಟ್ಟಿದ್ದೀನಿ, ಮೂರು ಸಲ ಬಳಿದರೆ ಬೆರಳಿಗೆ ತಾಗುವಷ್ಟು ಉಬ್ಬುತ್ತದೆ.